ಬರೋಲೊ ಗುಡ್ಡಗಳಲ್ಲಿ, ದೊಡ್ಡ ಪೀಪಾಯಿಗಳ ಮನೆಯಲ್ಲಿ

ಶನಿವಾರ, ಆಲ್ಬಾ

ಇಟಲಿಯ ಬರೋಲೊ ಎಂಬ ಕೆಂಪು ವೈನನ್ನು ಇಂದಿಗೂ ಹಳೆಯ ಕ್ರಮದಲ್ಲೇ ತಯಾರಿಸುವ ಒಂದು ಚಿಕ್ಕ ಮನೆತನದ ನೆಲಮಾಳಿಗೆಗೆ ಹೋಗಿ, ಅದನ್ನು ತಯಾರಿಸಿದವರ ಎದುರಿನಲ್ಲೇ ರುಚಿ ನೋಡಬೇಕೆಂಬುದೇ ಈ ಪ್ರವಾಸದ ಉದ್ದೇಶವಾಗಿತ್ತು. ಟುರಿನ್‌ನ ಪಾಲಿಟೆಕ್ನಿಕ್‌ನಲ್ಲಿ ಓದುತ್ತಿರುವ ನನ್ನ ಸೋದರಳಿಯ ಬಹಳ ಮೊದಲೇ ಇಟಾಲಿಯನ್ ಭಾಷೆಯಲ್ಲಿ ಪತ್ರ ಬರೆದು, ಸೋಮವಾರ ಬೆಳಗ್ಗೆ ಬರಲು ಒಪ್ಪಿಗೆ ಪಡೆದಿದ್ದ. ಇಂತಹ ಮನೆಗಳಲ್ಲಿ ಮಾರಾಟದ ಕಟ್ಟೆಯಾಗಲಿ, ಅತಿಥಿಗಳನ್ನು ನೋಡಿಕೊಳ್ಳಲೆಂದೇ ಇರುವ ಸಿಬ್ಬಂದಿಯಾಗಲಿ ಇರುವುದಿಲ್ಲ. ಟ್ರ್ಯಾಕ್ಟರ್ ಓಡಿಸುವವರೇ ಕೈತೊಳೆದುಕೊಂಡು ಬಂದು ಬಾಗಿಲು ತೆಗೆಯಬೇಕು. ಆದ್ದರಿಂದ ಮೊದಲೇ ತಿಳಿಸದೆ ಹೋದವರು ಹಿಂದಿರುಗಬೇಕಾಗುವುದೇ ಹೆಚ್ಚು, ಭಾನುವಾರವಂತೂ ಬಹುತೇಕ ಮನೆಗಳು ಮುಚ್ಚಿರುತ್ತವೆ.

ಟುರಿನ್‌ನಿಂದ ರೈಲಿನಲ್ಲಿ ಆಲ್ಬಾ ತಲುಪಿದಾಗ ವಾರದ ಸಂತೆ ಇನ್ನೂ ನಡೆಯುತ್ತಿತ್ತು. ಅಕ್ಟೋಬರ್ ತಿಂಗಳ ಕೊನೆಯ ವಾರ. ಬಿಳಿ ಟ್ರಫಲ್ ಜಾತ್ರೆಯ ಕಾಲ. ಓಕ್, ಪಾಪ್ಲರ್ ಮರಗಳ ಬೇರಿನ ಬಳಿ ಮಣ್ಣಿನೊಳಗೆ ಬೆಳೆಯುವ ಈ ಅಣಬೆಯನ್ನು ನಾಯಿಗಳ ಮೂಗಿನ ನೆರವಿನಿಂದ ಹುಡುಕಿ ತೆಗೆಯುತ್ತಾರೆ, ಗ್ರಾಂ ಲೆಕ್ಕದಲ್ಲಿ ಮಾರುತ್ತಾರೆ. ಒಬ್ಬ ಮಾರಾಟಗಾರ ಕಾಗದದ ಪೊಟ್ಟಣ ಬಿಚ್ಚಿ ನಮ್ಮ ಮೂಗಿನ ಹತ್ತಿರ ಹಿಡಿದ. ಬೆಳ್ಳುಳ್ಳಿ, ಜೇನು, ಅಡುಗೆ ಅನಿಲ ಮೂರೂ ಬೆರೆತ ವಾಸನೆ. ಇಷ್ಟವಾಯಿತೋ ಇಲ್ಲವೋ ಎಂದು ಹೇಳಲು ನನಗೆ ಸಂಜೆಯವರೆಗೂ ಆಗಲಿಲ್ಲ. ನಾವು ಹೋಗಿದ್ದ ವರ್ಷ, ಅಂದರೆ 2024ರಲ್ಲಿ, ಮಳೆ ಬಿಡದೆ ಸುರಿದದ್ದು ದ್ರಾಕ್ಷಿ ಬೆಳೆಯುವವರನ್ನು ಗೋಳಾಡಿಸಿತೆಂದೂ, ನೆಲದೊಳಗಿನ ತನ್ನ ಸರಕಿಗೆ ಮಾತ್ರ ಅದೇ ಮಳೆ ಒಳ್ಳೆಯದಾಯಿತೆಂದೂ ಅವನು ನಗುತ್ತ ಹೇಳಿದ.

ನುಟೆಲ್ಲಾ ತಯಾರಿಸುವ ಫೆರೆರೊ ಕಂಪನಿ 1946ರಲ್ಲಿ ಹುಟ್ಟಿದ್ದು ಈ ಊರಿನಲ್ಲೇ. ಸುತ್ತಲಿನ ಗುಡ್ಡಗಳಲ್ಲಿ ಬಿಸಿಲು ಚೆನ್ನಾಗಿ ಬೀಳುವ ಮೈಗಳನ್ನು ದ್ರಾಕ್ಷಿಗೆ ಬಿಟ್ಟು, ಉತ್ತರಕ್ಕೆ ಮುಖ ಮಾಡಿದ ತಂಪಾದ ಇಳಿಜಾರುಗಳಲ್ಲಿ ಹೇಜಲ್‌ನಟ್ ಬೆಳೆಯುವುದು ರೂಢಿ. ಹುರಿದ ಹೇಜಲ್‌ನಟ್ ಸಂತೆಯಲ್ಲಿ ಅಗ್ಗವಾಗಿಯೂ ಸಿಗುತ್ತದೆ, ಮರುದಿನದ ನಡಿಗೆಗೆ ಒಂದು ಚೀಲ ತೆಗೆದುಕೊಂಡೆವು.

ರಾತ್ರಿಯ ಊಟಕ್ಕೆ ತಾಯರಿನ್ ತರಿಸಿಕೊಂಡೆವು. ಹಿಟ್ಟಿಗೆ ನೀರಿನ ಬದಲು ಮೊಟ್ಟೆಯ ಹಳದಿಯನ್ನಷ್ಟೇ ಧಾರಾಳವಾಗಿ ಹಾಕಿ ಕಲಸಿ, ದಾರದಷ್ಟು ತೆಳ್ಳಗೆ ಕತ್ತರಿಸಿದ ಈ ಪಾಸ್ತಾವನ್ನು ಬೆಣ್ಣೆ ಮತ್ತು ಸೇಜ್ ಎಲೆಯಲ್ಲಿ ಹೊರಳಿಸಿ ಕೊಡುತ್ತಾರೆ. ನಾನು ಮೊಟ್ಟೆಯವರೆಗಷ್ಟೇ ಹೋಗುವ ಸಸ್ಯಾಹಾರಿ. ಮೊದಲಿಗೆ ಬಂದ ಸುಟ್ಟ ದೊಣ್ಣೆಮೆಣಸಿನಕಾಯಿಯನ್ನು ನಿಶ್ಚಿಂತೆಯಿಂದ ಬಾಯಿಗಿಡುವಷ್ಟರಲ್ಲಿ, ಅದರ ಮೇಲಿದ್ದ ಕಂದು ಬಣ್ಣದ ಎಣ್ಣೆಯಲ್ಲಿ ಸಣ್ಣ ಮೀನು ಕರಗಿದೆಯೆಂದು ಬಡಿಸಿದಾಕೆಯೇ ಓಡಿಬಂದು ತಟ್ಟೆ ಎತ್ತಿಕೊಂಡಳು. ಈ ಸೀಮೆಯಲ್ಲಿ ತರಕಾರಿ ತಿನಿಸಿಗೂ ಆಂಚೊವಿ ಮೀನು ಸೇರುವುದು ಸಾಮಾನ್ಯವಾದ್ದರಿಂದ, ‘ಸೆನ್ಜಾ ಅಚ್ಚೂಗೆ’ (ಆಂಚೊವಿ ಇಲ್ಲದೆ) ಎಂಬೆರಡು ಪದಗಳನ್ನು ಕಲಿತು ಹೋಗುವುದು ಸಸ್ಯಾಹಾರಿಗಳಿಗೆ ಬಹಳ ಉಪಯುಕ್ತ.

ಊಟದ ಜೊತೆ ಬಂದ ಲೋಟದ ಬರೋಲೊ ದಟ್ಟ ಬಣ್ಣದ್ದು, ನುಣುಪಾದದ್ದು, ವೆನಿಲ್ಲಾ ಮತ್ತು ಸುಟ್ಟ ಮರದ ಪರಿಮಳದ್ದು. ಚೆನ್ನಾಗಿತ್ತು. ಆದರೆ ಅದು ಯಾವ ದೇಶದಲ್ಲಿ ತಯಾರಾದದ್ದೆಂದು ಕಣ್ಣು ಮುಚ್ಚಿ ಹೇಳಲು ಸಾಧ್ಯವಿರಲಿಲ್ಲ.

ಭಾನುವಾರ, ಲಾ ಮೊರ್ರಾದಿಂದ ಬರೋಲೊವರೆಗೆ

ಯೂರೋಪಿನ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವ ಭಾನುವಾರ ಅದು. ನಮ್ಮ ಫೋನುಗಳು ರಾತ್ರಿಯೇ ಸರಿಹೊಂದಿಕೊಂಡಿದ್ದರೂ ತಂಗಿದ್ದ ಮನೆಯ ಗೋಡೆ ಗಡಿಯಾರ ಹಳೆಯ ಸಮಯದಲ್ಲೇ ಓಡುತ್ತಿದ್ದುದರಿಂದ, ಬೆಳಗಿನ ಉಪಾಹಾರಕ್ಕೆ ಹೋದರೆ ಅಡುಗೆಮನೆಯ ದೀಪವೇ ಹೊತ್ತಿರಲಿಲ್ಲ. ರಜಾದಿನದಲ್ಲಿ ಹಳ್ಳಿಗಳ ಬಸ್ಸುಗಳನ್ನು ನೆಚ್ಚುವಂತಿಲ್ಲ. ಟ್ಯಾಕ್ಸಿ ಹಿಡಿದು ಲಾ ಮೊರ್ರಾದ ಗುಡ್ಡ ಹತ್ತಿದೆವು. ಬಾಡಿಗೆ ಕಾರು ತೆಗೆದುಕೊಳ್ಳದಿರುವುದನ್ನು ನಾವು ಮೊದಲೇ ನಿಶ್ಚಯಿಸಿದ್ದೆವು. ಇಟಲಿಯಲ್ಲಿ ಚಾಲಕರ ಲೀಟರ್ ರಕ್ತದಲ್ಲಿ 0.5 ಗ್ರಾಂ ಮದ್ಯಸಾರಕ್ಕಷ್ಟೇ ಅವಕಾಶ, ಇಲ್ಲಿಯ ರಸ್ತೆಗಳಲ್ಲೋ ತಿರುವಿಗೊಂದು ತಿರುವು ಅಂಟಿಕೊಂಡಿದೆ.

ಲಾ ಮೊರ್ರಾ ಸಮುದ್ರಮಟ್ಟದಿಂದ ಸುಮಾರು 500 ಮೀಟರ್ ಎತ್ತರದಲ್ಲಿರುವ ಊರು. ಅದರ ಚೌಕದ ಕಟಕಟೆಗೆ ಒರಗಿ ನಿಂತಾಗ ಕೆಳಗೆ ಕಣಿವೆಯೆಲ್ಲ ಮಂಜಿನಲ್ಲಿ ಮುಳುಗಿತ್ತು, ಗುಡ್ಡಗಳ ತುದಿಗಳಷ್ಟೇ ಹೊರಗಿದ್ದವು. ಹತ್ತು ಗಂಟೆಯ ಹೊತ್ತಿಗೆ ಮಂಜು ಕರಗುತ್ತ ಬಂದಂತೆ ಮೊದಲು ಕಾಸ್ಟಿಲ್ಯೋನೆ ಫಲ್ಲೆತ್ತೊದ ದುಂಡು ಗೋಪುರ, ಅದರಾಚೆ ಸೆರ್ರಲುಂಗಾ ಕೋಟೆಯ ಎತ್ತರದ ಗೋಡೆ, ಕೊನೆಗೆ ತಗ್ಗಿನಲ್ಲಿ ಬರೋಲೊ ಊರು ಕಂಡವು. ಎಲ್ಲ ಇಳಿಜಾರುಗಳಲ್ಲೂ ಬಳ್ಳಿಯ ಸಾಲುಗಳು, ಒಂದು ಹೊಲದ್ದು ಹಳದಿ, ಪಕ್ಕದ್ದು ಕೆಂಪು. ಯುನೆಸ್ಕೊ ಈ ಭೂದೃಶ್ಯವನ್ನು 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಬರೋಲೊ ಎಂಬ ಹೆಸರಿಗೆ ಅರ್ಹವಾದ ನೆಲ ಹನ್ನೊಂದು ಊರುಗಳ ಸೀಮೆಯಷ್ಟೇ, ದ್ರಾಕ್ಷಿ ನೆಬ್ಬಿಯೋಲೊ ಒಂದೇ. ಆ ಕಟಕಟೆಯಿಂದ ನೋಡಿದರೆ ಇದೊಂದೇ ಬಟ್ಟಲಿನಂತೆ ಕಂಡರೂ ಮಣ್ಣು ಎರಡು ಬಗೆಯದು. ನಾವು ನಿಂತಿದ್ದ ಪಶ್ಚಿಮದ ಕಡೆಯ ನೀಲಿ ಛಾಯೆಯ ಸುಣ್ಣ ಮಿಶ್ರಿತ ಜೇಡಿಮಣ್ಣಿನಲ್ಲಿ ಪರಿಮಳ ಮುಂದಾದ, ಬೇಗ ಒಲಿಯುವ ವೈನ್ ಬರುತ್ತದೆ. ಎದುರಿನ ಸೆರ್ರಲುಂಗಾ, ಮೊಂಫೋರ್ತೆಯ ಕಡೆ ಮರಳುಗಲ್ಲಿನ ಪದರಗಳಿರುವ, ಹೆಚ್ಚು ಹಳೆಯ ನೆಲದಲ್ಲಿ ಗಡುಸಾದ, ವರ್ಷಗಟ್ಟಲೆ ಕಾಯಿಸುವ ವೈನ್ ಬರುತ್ತದೆ ಎಂಬುದು ಇಲ್ಲಿಯವರ ಮಾತು.

ದ್ರಾಕ್ಷಿ ತೋಟಗಳ ನಡುವಿನ ಕಾಲುದಾರಿ ಹಿಡಿದು ಬರೋಲೊ ಕಡೆ ಇಳಿದೆವು. ಕೊಯ್ಲು ಮುಗಿದು ಕೆಲವೇ ದಿನಗಳಾಗಿದ್ದವು. ಬಳ್ಳಿಗಳಲ್ಲಿ ಅಲ್ಲೊಂದು ಇಲ್ಲೊಂದು ಬಿಟ್ಟುಹೋದ ಪುಟ್ಟ ಗೊಂಚಲು ಉಳಿದಿತ್ತು. ಒಂದು ಕಾಳು ಬಾಯಿಗೆ ಹಾಕಿಕೊಂಡರೆ ಸಿಹಿ, ಹಿಂದೆಯೇ ಸಿಪ್ಪೆಯ ಒಗರು. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಚಪ್ಪರದ ದ್ರಾಕ್ಷಿಯನ್ನು ಕಂಡು ಬೆಳೆದ ನನಗೆ ಸೊಂಟದೆತ್ತರದ ತಂತಿಗೆ ಬಾಗಿಸಿ ಕಟ್ಟಿದ ಒಂದೇ ಕೊಂಬೆಯ ಈ ಬಳ್ಳಿಗಳು ಬಡಕಲಾಗಿ ತೋರಿದವು. ನಮ್ಮಲ್ಲಿ ಚಳಿಗಾಲದ ನಿದ್ದೆಯೇ ಇಲ್ಲದ ಬಳ್ಳಿಗೆ ವರ್ಷಕ್ಕೆ ಎರಡು ಸಲ ಕತ್ತರಿ ಹಾಕಬೇಕು. ಇಲ್ಲಿ ಹಿಮ ಬಿದ್ದು ಬಳ್ಳಿ ಮಲಗಿದ ಮೇಲೆ ಒಂದೇ ಸಲ, ಹಣ್ಣು ಬಿಟ್ಟ ಕೊಂಬೆಯನ್ನು ತೆಗೆದು ಹೊಸದೊಂದನ್ನು ಬಾಗಿಸಿ ಕಟ್ಟುತ್ತಾರೆ. ಎಕರೆಗಟ್ಟಲೆ ಫಸಲಿನ ಆಸೆಯೂ ಇಲ್ಲ: ಬರೋಲೊ ನಿಯಮದಂತೆ ಹೆಕ್ಟೇರಿಗೆ ಎಂಟು ಟನ್ನಿಗಿಂತ ಹೆಚ್ಚು ಹಣ್ಣು ತೆಗೆಯುವಂತಿಲ್ಲ.

ಬ್ರುನಾತೆ ತೋಟಗಳ ನಡುವೆ ಕೆಂಪು, ನೀಲಿ, ಹಳದಿ ಬಣ್ಣಗಳು ಕಣ್ಣಿಗೆ ರಾಚುವ ಒಂದು ಪುಟ್ಟ ಪ್ರಾರ್ಥನಾ ಮಂದಿರವಿದೆ. 1914ರಲ್ಲಿ ಆಳುಗಳು ಆಲಿಕಲ್ಲು ಮಳೆಗೆ ಆಸರೆ ಪಡೆಯಲೆಂದು ಕಟ್ಟಿದ್ದು, ಎಂದೂ ಪೂಜೆಗೆ ಪ್ರತಿಷ್ಠಾಪನೆಗೊಂಡದ್ದಲ್ಲ. 1999ರಲ್ಲಿ ಕಲಾವಿದರಾದ ಸಾಲ್ ಲೆವಿಟ್ ಹೊರಗೋಡೆಗಳಿಗೂ ಡೇವಿಡ್ ಟ್ರೆಮ್ಲೆಟ್ ಒಳಗೋಡೆಗಳಿಗೂ ಬಣ್ಣ ಹಚ್ಚಿದರು. ಫೋಟೊ ತೆಗೆಯುವವರ ಸಾಲು ದೊಡ್ಡದಿತ್ತು. ನನಗೆ ಅದಕ್ಕಿಂತ ಹಿತವೆನಿಸಿದ್ದು ಅಲ್ಲಿಂದ ಸ್ವಲ್ಪ ಕೆಳಗೆ, ಸೌದೆ ತುಂಬಿದ ಮೂರು ಗಾಲಿಯ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ದಾರಿ ಬಿಟ್ಟ ಮುದುಕರ ಜೊತೆಗಿನ ಮಾತು. ಗಾಡಿ ಪಿಯಾಜಿಯೊ ಆಪೆ. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಜನರನ್ನೂ ತರಕಾರಿಯನ್ನೂ ಹೊತ್ತು ತಿರುಗುವುದೂ ಅದೇ ಎಂದು ಅಳಿಯ ಹೇಳಿದಾಗ ಅವರು ಬಾನೆಟ್ಟಿನ ಮೇಲೆ ಕೈಯಾಡಿಸಿ ತಲೆದೂಗಿದರು. ತಮ್ಮ ಬಾಲ್ಯದಲ್ಲಿ ಈ ಇಳಿಜಾರಿನಲ್ಲಿ ದ್ರಾಕ್ಷಿಯ ಸಾಲುಗಳ ನಡುವೆಯೇ ಗೋಧಿ ಬಿತ್ತುತ್ತಿದ್ದರಂತೆ, ಮನೆಗೊಂದು ಹಸುವಿತ್ತಂತೆ, ಅಣ್ಣಂದಿರು ಹೊಟ್ಟೆಪಾಡಿಗೆ ಟುರಿನ್‌ನ ಫಿಯಟ್ ಕಾರ್ಖಾನೆ ಸೇರಿದರಂತೆ. ಅವರು ಬಿಟ್ಟುಹೋದ ನೆಲಕ್ಕೆ ಇಂದು ಹೆಕ್ಟೇರಿಗೆ ಹತ್ತು ಲಕ್ಷ ಯೂರೊ ದಾಟಿದ ಬೆಲೆ. ಅದನ್ನು ಹೇಳುವಾಗ ಅವರ ಮುಖದಲ್ಲಿ ಹೆಮ್ಮೆಗಿಂತ ಬೇಸರವೇ ಹೆಚ್ಚಾಗಿ ಕಂಡಿತು.

ಬರೋಲೊ ಕೋಟೆಯಲ್ಲಿರುವ ವೈನ್ ಸಂಗ್ರಹಾಲಯವನ್ನು ಬೇಗ ಬೇಗ ನೋಡಿ ಮುಗಿಸಿದೆವು. ಫಲ್ಲೆತ್ತಿ ಮನೆತನದ ಮಾರ್ಕೇಸಾ ಜೂಲಿಯಾ ಕೊಲ್ಬೆರ್ ಮತ್ತು ಗ್ರಿನ್ಜಾನೆ ಹಳ್ಳಿಯ ಮೇಯರಾಗಿದ್ದು ಮುಂದೆ ಇಟಲಿಯ ಮೊದಲ ಪ್ರಧಾನಿಯಾದ ಕಾವೂರ್, ಹತ್ತೊಂಬತ್ತನೆಯ ಶತಮಾನದಲ್ಲಿ ಈ ವೈನಿಗೆ ಪ್ರತಿಷ್ಠೆ ತಂದವರಲ್ಲಿ ಮುಖ್ಯರು. ಹೊರಗೆ ಬಂದಾಗ ಮಳೆ ಹಿಡಿದಿತ್ತು. ಹಿಂದಿನ ದಿನ ಆರು ದಾಟಿದ ಮೇಲೂ ಬೆಳಕಿದ್ದದ್ದು ಅಂದು ಐದೂವರೆಗೇ ಕತ್ತಲಾಯಿತು. ತೋಟದ ಅಡ್ಡದಾರಿಯಲ್ಲಿ ಹೆಜ್ಜೆಗೊಂದು ಹಿಡಿ ಜೇಡಿ ಅಂಟುತ್ತ ಬೂಟುಗಳು ಎತ್ತಲಾರದಷ್ಟು ಭಾರವಾದವು, ಅಳಿಯ ಒಮ್ಮೆ ಜಾರಿ ಕೂತೇಬಿಟ್ಟ. ಅಕ್ಟೋಬರಿನಲ್ಲಿ ಇಲ್ಲಿ ನಡೆಯುವವರು ಟಾರ್ಚನ್ನೂ ಒಂದು ಜೊತೆ ಹೆಚ್ಚಿನ ಪಾದರಕ್ಷೆಯನ್ನೂ ಇಟ್ಟುಕೊಂಡರೆ ಮರುದಿನ ಯಾರದೋ ಮನೆಯ ನೆಲವನ್ನು ಕೆಸರು ಮಾಡುವ ಮುಜುಗರ ತಪ್ಪುತ್ತದೆ.

ಸೋಮವಾರ, ಕಾಸ್ಟಿಲ್ಯೋನೆ ಫಲ್ಲೆತ್ತೊ

ಊರಿನಿಂದ ಸ್ವಲ್ಪ ಕೆಳಗೆ, ರಸ್ತೆಯ ಅಂಚಿನಲ್ಲೇ ಆ ಮನೆ. ಹೆಸರಿನ ಫಲಕ ಅಂಚೆಪೆಟ್ಟಿಗೆಯ ಮೇಲಷ್ಟೇ ಇತ್ತು. ಬಾಗಿಲು ತೆರೆದವರು ಐವತ್ತರ ಆಸುಪಾಸಿನ ಮಹಿಳೆ. ಬೆರಳ ಸಂದುಗಳಲ್ಲಿ ಕೊಯ್ಲಿನ ಕಪ್ಪು ಇನ್ನೂ ಮಾಸಿರಲಿಲ್ಲ. ಅಜ್ಜ ಶುರುಮಾಡಿ, ಅಪ್ಪ ಮುಂದುವರಿಸಿ, ಈಗ ಅವರೂ ಅವರ ತಮ್ಮನೂ ನಡೆಸುತ್ತಿರುವ ಆರು ಹೆಕ್ಟೇರಿಗೂ ಕಡಿಮೆಯ ಹಿಡುವಳಿ ಅದು.

ನೆಲಮಾಳಿಗೆಯಲ್ಲಿ ಮೊದಲು ತೋರಿಸಿದ್ದು ಒಳಗೆ ಗಾರೆ ಬಳಿದ ಕಾಂಕ್ರೀಟಿನ ತೊಟ್ಟಿಯನ್ನು. ಏಣಿ ಹತ್ತಿ ಮೇಲಿನ ಬಾಯಿಯಿಂದ ಇಣುಕಲು ಹೇಳಿದರು, ಆದರೆ ತಲೆ ಒಳಗೆ ಹಾಕಬಾರದೆಂದೂ ಎಚ್ಚರಿಸಿದರು. ಹುದುಗುವಾಗ ಹೊಮ್ಮುವ ಇಂಗಾಲದ ಡೈಆಕ್ಸೈಡ್ ಉಸಿರು ಕಟ್ಟಿಸುತ್ತದೆ. ಸಾಮಾನ್ಯವಾಗಿ ರಸ ಹುದುಗುವಾಗ ಸಿಪ್ಪೆಗಳೆಲ್ಲ ತೇಲಿಬಂದು ಮೇಲೆ ದಪ್ಪನೆಯ ಪದರವಾಗಿ ಕೂರುತ್ತವೆ. ಇಲ್ಲಿ ಹುದುಗುವಿಕೆಯ ಅಬ್ಬರ ಇಳಿದ ಕೂಡಲೆ ಮರದ ಪಟ್ಟಿಗಳನ್ನು ಅಡ್ಡಡ್ಡ ಬಿಗಿದು, ಆ ಪದರವನ್ನು ರಸದೊಳಗೇ ಮುಳುಗಿಸಿಡುತ್ತಾರೆ. ಪಟ್ಟಿಗಳ ಸಂದಿನಲ್ಲಿ ನೇರಳೆ ಬಣ್ಣದ ವೈನ್ ಅಲುಗದೆ ನಿಂತಿತ್ತು, ಅಂಚಿನಲ್ಲಿ ಒಂದೆರಡು ನೊರೆಗುಳ್ಳೆಗಳು. ಹಾಗೆಯೇ ಒಂದು ತಿಂಗಳಿಗೂ ಮೀರಿ, ಕೆಲವು ವರ್ಷ ಐವತ್ತು ದಿನದವರೆಗೂ, ಸಿಪ್ಪೆಯೂ ವೈನೂ ಒಟ್ಟಿಗಿರುತ್ತವೆ. ಮೊದಲ ವಾರಗಳಲ್ಲಿ ವೈನಿಗಿಳಿದ ಒರಟು ಒಗರು ಆಮೇಲಾಮೇಲೆ ತನ್ನಲ್ಲೇ ಹೆಣೆದುಕೊಂಡು ಮೃದುವಾಗುತ್ತ ಹೋಗುತ್ತದೆ ಎಂಬುದು ಈ ಪದ್ಧತಿಯ ಒಳಗುಟ್ಟು.

ಒಳಗಿನ ಕೋಣೆಯಲ್ಲಿ ಬೊತ್ತಿಗಳು, ಅಂದರೆ ಮನುಷ್ಯನಿಗಿಂತ ಎತ್ತರದ ಪೀಪಾಯಿಗಳು. ಕ್ರೊವೇಷಿಯಾದ ಸ್ಲಾವೋನಿಯಾ ಪ್ರದೇಶದ ಓಕ್ ಮರದವು, ಒಂದೊಂದೂ 30 ಹೆಕ್ಟೋಲೀಟರ್, ಅಂದರೆ 3,000 ಲೀಟರ್ ಆಸುಪಾಸು ಹಿಡಿಯುವಂಥವು. ಹೊರಮೈ ಕಪ್ಪಾಗಿತ್ತು, ಮುಂಭಾಗದ ಪುಟ್ಟ ಹಲಗೆಯ ಮೇಲೆ ವರ್ಷವನ್ನೂ ತೋಟದ ಹೆಸರನ್ನೂ ಸೀಮೆಸುಣ್ಣದಲ್ಲಿ ಬರೆದಿತ್ತು. ಶನಿವಾರ ರಾತ್ರಿಯ ಲೋಟದಲ್ಲಿದ್ದ ವೆನಿಲ್ಲಾ ಎಲ್ಲಿಂದ ಬಂತೆಂದು ಅಳಿಯ ಕೇಳಿದ. ಫ್ರಾನ್ಸಿನ ರೂಢಿಯ ಬಾರಿಕ್ ಪೀಪಾಯಿ 225 ಲೀಟರಿನದು; ಅಷ್ಟು ಚಿಕ್ಕದರಲ್ಲಿ, ಅದೂ ಹೊಸ ಮರದ್ದಾದರೆ, ಪ್ರತಿ ಲೀಟರ್ ವೈನಿಗೆ ತಾಗುವ ಮರದ ಪಾಲು ಹೆಚ್ಚು, ಆದ್ದರಿಂದ ಮರದ ರುಚಿಯೂ ಹೆಚ್ಚು. ಹಳೆಯ ದೊಡ್ಡ ಬೊತ್ತಿ ತನ್ನ ರುಚಿಯನ್ನು ಕೊಡುವುದನ್ನು ಎಂದೋ ನಿಲ್ಲಿಸಿರುತ್ತದೆ. ಮರದ ಸೂಕ್ಷ್ಮ ರಂಧ್ರಗಳಿಂದ ಗಾಳಿಯನ್ನು ನಿಧಾನವಾಗಿ ಒಳಬಿಡುವುದಷ್ಟೇ ಅದರ ಕೆಲಸ. ಅದರಿಂದ ಆವಿಯಾಗಿ ಇಳಿದಷ್ಟು ವೈನನ್ನು ಆಗಾಗ ತುಂಬುತ್ತಿರಬೇಕು, ಇಲ್ಲವಾದರೆ ಮೇಲಿನ ಖಾಲಿ ಜಾಗದಲ್ಲಿ ಹುಳಿಯೇರುತ್ತದೆ.

ಅಷ್ಟರಲ್ಲಿ ಎಂಬತ್ತು ದಾಟಿದ ಅವರ ತಂದೆ ಕೋಲೂರಿಕೊಂಡು ಬಂದು ಮೆಟ್ಟಿಲ ಮೇಲೆ ಕುಳಿತರು. 1970ರವರೆಗೂ ಬಾಟಲಿ ತುಂಬಿದ್ದೇ ಕಡಿಮೆಯಂತೆ. 54 ಲೀಟರಿನ ಗಾಜಿನ ಬುರುಡೆಗಳಲ್ಲಿ ವೈನ್ ಕೊಂಡೊಯ್ಯುವವರು ಬರುತ್ತಿದ್ದರು, ಉಳಿದ ಹಣ್ಣನ್ನು ಆಲ್ಬಾದ ದಲ್ಲಾಳಿಗಳು ಕೇಳಿದ ಬೆಲೆಗೆ ಕೊಡಬೇಕಿತ್ತು. 1986ರಲ್ಲಿ ಯಾರೋ ಅಗ್ಗದ ವೈನಿಗೆ ಮೆಥನಾಲ್ ಬೆರೆಸಿ ಜನ ಸತ್ತಾಗ ಇಡೀ ಇಟಲಿಯ ವೈನಿನ ಮೇಲೆ ನಂಬಿಕೆ ಹೋಯಿತು. ಆ ದಶಕದಲ್ಲೇ ಕಿರಿಯರು ಫ್ರಾನ್ಸಿಗೆ ಹೋಗಿ ಬಂದು ಬಾರಿಕ್ ತಂದರು. ಲಾ ಮೊರ್ರಾದ ಎಲಿಯೊ ಅಲ್ತಾರೆ 1983ರಲ್ಲಿ ಅಪ್ಪನ ಬೊತ್ತಿಗಳನ್ನು ಯಂತ್ರದ ಗರಗಸದಿಂದ ಕತ್ತರಿಸಿ ಹಾಕಿದ್ದು, ಬರೋಲೊದ ಬಾರ್ತೊಲೊ ಮಸ್ಕರೆಲ್ಲೊ ಇದಕ್ಕೆ ಪ್ರತಿಯಾಗಿ ಬಾಟಲಿಯ ಚೀಟಿಯ ಮೇಲೆ ‘ನೊ ಬಾರಿಕ್, ನೊ ಬೆರ್ಲುಸ್ಕೋನಿ’ (ಬಾರಿಕ್ ಬೇಡ, ರಾಜಕಾರಣಿ ಬೆರ್ಲುಸ್ಕೋನಿಯೂ ಬೇಡ) ಎಂದು ಬರೆದದ್ದು ಎರಡೂ ಇಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ. ತಾವು ಯಾವ ಪಕ್ಷವೆಂದು ಕೇಳಿದ್ದಕ್ಕೆ, ಹೊಸ ಪೀಪಾಯಿ ಕೊಳ್ಳಲು ಹಣವಿರಲಿಲ್ಲ, ಆದ್ದರಿಂದ ಸಂಪ್ರದಾಯವಾದಿಗಳಾದೆವು ಎಂದು ಮುದುಕರು ನಕ್ಕರು. ಮಗಳು ಅದನ್ನು ಒಪ್ಪಲಿಲ್ಲ. ಕೊನೆಗೂ ಆ ಜಗಳ ತಣ್ಣಗಾಗಿದೆ. ಬಾರಿಕ್ ತಂದವರಲ್ಲಿ ಹಲವರು ಈಗ ಹೊಸ ಮರವನ್ನು ಕಡಿಮೆ ಮಾಡಿದ್ದಾರೆ, ಹಳಬರು ನೆಲಮಾಳಿಗೆಯ ಶುಚಿಯನ್ನು ಹೊಸಬರಿಂದ ಕಲಿತಿದ್ದಾರೆ.

ಸಂಪ್ರದಾಯವೆಂದರೆ ಸುಮ್ಮನೆ ಬಿಟ್ಟುಬಿಡುವುದೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಇಲ್ಲಿ ಕಂಡದ್ದು ಹಣದ ಲೆಕ್ಕ. ಕೊಯ್ಲಿನ ವರ್ಷದ ನವೆಂಬರ್ 1ರಿಂದ 38 ತಿಂಗಳು, ಅದರಲ್ಲಿ ಕನಿಷ್ಠ 18 ತಿಂಗಳು ಮರದಲ್ಲಿ ಕಳೆಯದೆ ಬರೋಲೊವನ್ನು ಮಾರುವಂತಿಲ್ಲ. ಆ ತೊಟ್ಟಿಯಲ್ಲಿದ್ದ 2024ರ ವೈನ್ ಅಂಗಡಿಗೆ ಬರಬಹುದಾದದ್ದು ಬೇಗವೆಂದರೆ 2028ರ ಜನವರಿಯಲ್ಲಿ. ಈ ಮನೆಯವರು ಇನ್ನೂ ಒಂದು ವರ್ಷ ಹೆಚ್ಚಿಗೆ ಇಟ್ಟುಕೊಳ್ಳುತ್ತಾರೆ. ಅಷ್ಟೂ ಕಾಲ ಕೂಲಿ, ಕಾರ್ಕು, ಡೀಸೆಲ್ಲಿನ ಖರ್ಚು ಹೊರಬೇಕು. ಮನೆಯನ್ನು ಸಾಗಿಸುವುದು ಬೇಗ ಮಾರಾಟವಾಗುವ ಡೊಲ್ಚೆತ್ತೊ ಮತ್ತು ಬಾರ್ಬೆರಾ ಎಂಬ ದಿನಬಳಕೆಯ ವೈನುಗಳು.

ರುಚಿ ನೋಡಲು ಅಡುಗೆಮನೆಯ ಮೇಜಿಗೇ ಕರೆದರು. ಬ್ರೆಡ್ಡಿನ ಕಡ್ಡಿಗಳು, ಒಂದು ತುಂಡು ಗಟ್ಟಿ ಚೀಸ್, ಉಗುಳಲು ಒಂದು ಮಣ್ಣಿನ ಪಾತ್ರೆ. ಉಗುಳುವುದು ಅಗೌರವವಲ್ಲ, ಬದಲಿಗೆ ಮಧ್ಯಾಹ್ನದವರೆಗೆ ನಾಲಿಗೆಯನ್ನು ಎಚ್ಚರದಲ್ಲಿಡುವ ಉಪಾಯವೆಂದು ಅವರೇ ಹೇಳಿದರು.

2020ರ ಬರೋಲೊವನ್ನು ಲೋಟಕ್ಕೆ ಸುರಿದಾಗ ಅದರ ತೆಳು ಬಣ್ಣ ಕಂಡು ಅಳಿಯನಿಗೆ ನಿರಾಶೆಯಾಯಿತು. ಲೋಟದ ಹಿಂದೆ ಇಟ್ಟ ಬೆರಳು ಸ್ಪಷ್ಟವಾಗಿ ಕಾಣುತ್ತಿತ್ತು, ಅಂಚಿನಲ್ಲಿ ಆಗಲೇ ಇಟ್ಟಿಗೆಯ ಛಾಯೆ. ಮೂಗಿಗೆ ಬಂದದ್ದು ಒಣಗಿದ ಗುಲಾಬಿ, ಹುಳಿ ಚೆರ್ರಿ, ಅದರ ಹಿಂದೆ ತುಸು ಡಾಂಬರು. ನೋಟಕ್ಕೆ ಇಷ್ಟು ಸೌಮ್ಯವಾದದ್ದು ಬಾಯಿಗೆ ಹೋದೊಡನೆ, ಹಸಿ ಅಡಿಕೆ ಅಗಿದ ಹಾಗೆ, ವಸಡನ್ನೂ ಕೆನ್ನೆಯ ಒಳಮೈಯನ್ನೂ ಬಿಗಿದು ಹಿಡಿಯಿತು. ಚೀಸ್ ತಿಂದು ಮತ್ತೆ ಕುಡಿಯಲು ಹೇಳಿದರು. ಒಗರು ಕೊಡುವ ಟ್ಯಾನಿನ್ ಅಂಶ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಬಾಯಿಯಲ್ಲಿ ಬೇರೇನೂ ಇಲ್ಲದಿದ್ದರೆ ಜೊಲ್ಲಿನದಕ್ಕೇ ಅಂಟಿ ನಾಲಿಗೆಯನ್ನು ಒಣಗಿಸುತ್ತದೆ, ಚೀಸ್ ಇದ್ದರೆ ಅದರ ಪಟ್ಟು ಸಡಿಲವಾಗುತ್ತದೆ. ಎರಡನೆಯ ಗುಟುಕಿನಲ್ಲಿ ಅದೇ ವೈನಿನಿಂದ ಹಣ್ಣಿನ ಸಿಹಿ ಹೊರಬಂತು. ಈ ವೈನನ್ನು ಊಟವಿಲ್ಲದೆ ಅಳೆಯುವುದು ಅನ್ಯಾಯ.

2016 ಈ ಸೀಮೆಯ ಎಲ್ಲರೂ ಹೊಗಳುವ ವರ್ಷ. ನೆಟ್ಟಗೆ, ಗಂಭೀರವಾಗಿ ನಿಂತಿತ್ತು, ಆದರೆ ಬಾಗಿಲು ಪೂರ್ತಿ ತೆರೆದಿರಲಿಲ್ಲ. ಅದಾದ ಮೇಲೆ ಅವರು ಬೇಕೆಂದೇ 2014ನ್ನು ತಂದರು. ಬೇಸಿಗೆಯೆಲ್ಲ ಮಳೆ, ಚಳಿ ಇದ್ದ, ವ್ಯಾಪಾರಿಗಳು ಮೂಗು ಮುರಿದ ವರ್ಷ ಅದು. ಕಿತ್ತಳೆಯ ಒಣ ಸಿಪ್ಪೆ, ಚಹಾ ಎಲೆ, ಮಳೆ ಬಿದ್ದ ನೆಲ. ಮೈ ತೆಳುವಾದರೂ ಪರಿಮಳ ಲೋಟ ಖಾಲಿಯಾದ ಮೇಲೂ ಉಳಿಯಿತು. ಅಂದು ನನಗೆ ಹೆಚ್ಚು ಹಿಡಿಸಿದ್ದು ಅದೇ. ವರ್ಷಗಳಿಗೆ ಅಂಕ ಹಾಕುವವರ ಪಟ್ಟಿಯನ್ನು ನೋಡಿ ಬಾಟಲಿ ಕೊಳ್ಳುವವರು, ಚೆನ್ನಾಗಿ ದುಡಿದ ಮನೆಯ ಕೆಟ್ಟ ವರ್ಷದ ವೈನನ್ನೂ ಒಮ್ಮೆ ನೋಡಬೇಕು. ಅದು ಅಗ್ಗ, ಬೇಗ ಕುಡಿಯಲೂ ಸಿದ್ಧ.

ಹೊರಡುವಾಗ ಅರ್ಧ ಉಳಿದಿದ್ದ 2020ರ ಬಾಟಲಿಗೆ ಕಾರ್ಕು ಒತ್ತಿ ನಮ್ಮ ಕೈಗಿಟ್ಟು, ನಾಳೆ ಮಧ್ಯಾಹ್ನದವರೆಗೆ ಮುಟ್ಟಬೇಡಿ ಎಂದರು.

ಮಂಗಳವಾರ, ಸೆರ್ರಲುಂಗಾ

ಮಳೆ ನಿಂತು ಬಿಸಿಲು ಬಂದಿತ್ತು. ಸೆರ್ರಲುಂಗಾದ ಹದಿನಾಲ್ಕನೆಯ ಶತಮಾನದ ಕೋಟೆ ಹೊರಗಿನಿಂದ ಚೆಂದ. ಕೆಳಗಿನ ಬೀದಿಯಲ್ಲಿ ಒಂದು ಸುತ್ತು ಹಾಕಿ, ಬಿಸಿಲು ಬೀಳುವ ಕಲ್ಲುಕಟ್ಟೆ ಹುಡುಕಿ, ಬ್ರೆಡ್, ರೊಬಿಯೋಲಾ ಚೀಸ್, ಉಳಿದಿದ್ದ ಹೇಜಲ್‌ನಟ್ ಹರಡಿಕೊಂಡು ಆ ಬಾಟಲಿ ತೆರೆದೆವು. ಹಿಂದಿನ ದಿನ ಬಾಯಿ ಬಿಗಿದಿದ್ದ ವೈನ್ ಒಂದೇ ರಾತ್ರಿಯ ಗಾಳಿಗೆ ಸಡಿಲಗೊಂಡಿತ್ತು: ಗುಲಾಬಿ ಮುಂದೆ ಬಂದಿತ್ತು, ಡಾಂಬರು ಹಿಂದೆ ಸರಿದು ಜ್ಯೇಷ್ಠಮಧುವಿನ ಬೇರಿನಂತಹ ಸಿಹಿಗೆ ದಾರಿ ಬಿಟ್ಟಿತ್ತು. ಒಗರು ಇನ್ನೂ ಇತ್ತು, ಆದರೆ ಈಗ ಅದು ವೈನಿಗೆ ಒಂದು ಅಂಚು ಕಟ್ಟಿಕೊಡುತ್ತಿತ್ತು. ಎಳೆಯ ಬರೋಲೊ ಕೊಂಡವರು ಹಿಂದಿನ ದಿನವೇ ತೆರೆದು ಒಂದು ಲೋಟ ತೆಗೆದಿಟ್ಟರೆ ಹತ್ತು ವರ್ಷ ಕಾಯುವ ಸಂಕಟ ಸ್ವಲ್ಪ ತಗ್ಗುತ್ತದೆ.

ಊರಿನ ಪುಟ್ಟ ಬಾರಿನಲ್ಲಿ ಕಿನಾತೊ ಕೊಟ್ಟರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇದೇ ಸೆರ್ರಲುಂಗಾದ ಔಷಧ ವ್ಯಾಪಾರಿ ಜುಸೆಪ್ಪೆ ಕಪ್ಪೆಲ್ಲಾನೊ ಹೆಸರುವಾಸಿ ಮಾಡಿದ, ಬರೋಲೊದಲ್ಲಿ ಸಿಂಕೋನಾ ತೊಗಟೆಯನ್ನೂ ಸಾಂಬಾರ ಪದಾರ್ಥಗಳನ್ನೂ ನೆನೆಸಿ ಮಾಡುವ ಕಹಿ-ಸಿಹಿ ಪಾನೀಯ ಅದು. ಏಲಕ್ಕಿಯ ವಾಸನೆಯನ್ನು ನಾವಿಬ್ಬರೂ ಒಟ್ಟಿಗೇ ಗುರುತಿಸಿದಾಗ, ಬಾರಿನಾಕೆ ಪದಾರ್ಥಗಳ ಪಟ್ಟಿ ಮಾತ್ರ ಮನೆಮನೆಯ ಗುಟ್ಟೆಂದು ಹೇಳಿ ಮಾತು ಮುಗಿಸಿದಳು.

ಭಾರತಕ್ಕೆ ಬರುವವರು ಸುಂಕವಿಲ್ಲದೆ ತರಬಹುದಾದದ್ದು ಎರಡು ಲೀಟರ್, ಅಂದರೆ 750 ಮಿಲಿಲೀಟರಿನ ಎರಡು ಬಾಟಲಿ. ಉಣ್ಣೆಯ ಬಟ್ಟೆಗಳ ನಡುವೆ ಸುತ್ತಿ, ಚೆಕ್-ಇನ್ ಸಾಮಾನಿನಲ್ಲಿ 2014ರ ಎರಡನ್ನು ಬೆಂಗಳೂರಿಗೆ ತಂದೆ. ಬಂದ ಮೇಲೆ ಕೆಲವು ವಾರ ಮಲಗಿಸಿಟ್ಟು, ತೆರೆಯುವ ಹಿಂದಿನ ದಿನ ನೆಟ್ಟಗೆ ನಿಲ್ಲಿಸಿದರೆ ಗಸಿ ತಳಕ್ಕೆ ಇಳಿಯುತ್ತದೆ. ಕೊಂಡಿದ್ದ 2016ರ ಒಂದು ಬಾಟಲಿಗೆ ಇನ್ನೂ ಹತ್ತು ವರ್ಷ, ಅದೂ ಹದಿನಾಲ್ಕು ಡಿಗ್ರಿಯ ಆಸುಪಾಸಿನ ತಂಪು ಬೇಕು. ನಮ್ಮ ಏಪ್ರಿಲ್ ತಿಂಗಳನ್ನು ಅದು ತಾಳಲಾರದೆಂದು ಟುರಿನ್‌ನ ಅಳಿಯನ ವಸತಿಗೃಹದ ನೆಲಮಾಳಿಗೆಯಲ್ಲೇ ಬಿಟ್ಟು ಬಂದಿದ್ದೇನೆ. ಅವನ ಓದು ಮುಗಿದು ಮನೆ ಖಾಲಿ ಮಾಡಬೇಕಾಗಿ ಬಂದರೆ ಅದನ್ನು ಯಾರ ಮನೆಗೆ ಸಾಗಿಸುವುದೆಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.